ಲೆವೆಲ್ ಫೋರಿನ ಕಬಡ್ಡಿ

ಸೋಮವಾರ, ಸೆಪ್ಟೆಂಬರ್ 22, 1986

ಇವತ್ತೂ ಬಾಯಿ ಬಿಡಲಿಲ್ಲ. ವೀಕೆಂಡ್ ಏನು ಮಾಡಿದೆ ವಿನೋದಾ, ಅಂತ ಮಿಸ್ ಕ್ಯಾರಲ್ ಕೇಳಿದರು. ತಲೆಯೊಳಗೆ ವಾಕ್ಯ ರೆಡಿ ಇತ್ತು, ಗ್ರಾಮರ್ ಸಮೇತ. ನಾಲಿಗೆಗೆ ಬಂದದ್ದು ಒಂದೇ ಶಬ್ದ — "ಸ್ಲೀಪ್." ಕ್ಲಾಸೆಲ್ಲ ನಕ್ಕಿತು. ಕೆಟ್ಟ ನಗು ಅಲ್ಲ. ಆದರೂ...

ಉಡುಪಿಯಲ್ಲಿ ಬಿ.ಎ. ಮಾಡಿದವಳು ನಾನು. ಅಲ್ಲಿ ಇಂಗ್ಲಿಷ್ ಪೇಪರಿಗೆ ಒಳ್ಳೇ ಮಾರ್ಕು. ಇಲ್ಲಿ ಸನ್ನಿವೇಲಿನ ಇಂಗ್ಲಿಷ್ ಕಾಲೇಜಿನಲ್ಲಿ, ಮೊದಲು ಮಕ್ಕಳ ಶಾಲೆಯಾಗಿದ್ದ ಕಟ್ಟಡದ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತು, "ಸ್ಲೀಪ್." ಈಗ ಲೆವೆಲ್ ಫೋರು, ಲೆವೆಲ್ ಸಿಕ್ಸ್ ಮುಗಿಸಿದರೆ ಕಮ್ಯುನಿಟಿ ಕಾಲೇಜಿಗೆ ಸೇರಬಹುದು. ಅಲ್ಲಿ ಫಿಸಿಕಲ್ ಎಜುಕೇಶನ್ ಉಂಟಂತೆ. ಯಾರಿಗೂ ಹೇಳಿಲ್ಲ ಇದನ್ನು.

ಲಂಚಿಗೆ ಯಾವಾಗಿನ ಮೂವರು. ಒಸಾಕಾದ ಕೆಯಿಕೋ — ಕೂರುವಾಗಲೂ ಕುರ್ಚಿಯ ಹತ್ತಿರ ಸಾರಿ ಕೇಳುವವಳು. ಪೆರುವಿನ ಲೂಸಿಯಾ — ನಗು ಮೊದಲು, ಮಾತು ಆಮೇಲೆ. ಇರಾನಿನ ನಸ್ರೀನ್ — ತಪ್ಪು ಇಂಗ್ಲಿಷನ್ನು ಕಾಲೇಜಿಗೆಲ್ಲ ಕೇಳುವ ಹಾಗೆ ಮಾತಾಡುವವಳು. ನನ್ನ ಚಪಾತಿ ಪಲ್ಯ ಅರ್ಧ ಅವಳೇ ತಿಂದಳು. "ನೀನು ಮಾತಾಡುವುದಿಲ್ಲ, ಚೆನ್ನಾಗಿ ಕೇಳಿಸಿಕೊಳ್ತೀಯಾ. ನೀನು ಗಂಡಸಾಗಬೇಕಿತ್ತು, ಮದುವೆ ಆಗ್ತಿದ್ದೆ" ಅಂದಳು.

ಶುಕ್ರವಾರ, ಸೆ. 26

ನೋಟಿಸು ಬಂತು. ಮುಂದಿನ ತಿಂಗಳು ಇಪ್ಪತ್ತೈದು, ಶನಿವಾರ, ಇಂಟರ್‌ನ್ಯಾಷನಲ್ ಡೇ. ಹುಡುಗರಿಗೆ ಸಾಕರ್ ಮ್ಯಾಚು. ಹುಡುಗಿಯರು ಅವರವರ ದೇಶದ ಬಟ್ಟೆ ಹಾಕಿಕೊಂಡು ತಿಂಡಿಯ ಟೇಬಲ್ಲಿನ ಹಿಂದೆ ನಿಲ್ಲುವುದು.

ನಸ್ರೀನ್ ಕೆಂಡ. "ಟೇಬಲ್ಲಿನ ಹಿಂದೆ ನಿಲ್ಲಲಿಕ್ಕೆ ಇಷ್ಟು ದೂರ ಬರ್ಬೇಕಿತ್ತಾ?" ಕೆಯಿಕೋ ಮೆಲ್ಲಗೆ, ತನಗೆ ಅಡುಗೆಯೇ ಬರುವುದಿಲ್ಲ ಅಂದಳು. ಮನೆಯಲ್ಲಿ ಎಲ್ಲ ಅಮ್ಮನೇ ಅಂತೆ.

ಯಾಕೆ ಬಂತೋ ಬಾಯಿಗೆ — "ಕಬಡ್ಡಿ" ಅಂದೆ.

ಏನು ಅಂದರೆ? ವಿವರಿಸಬೇಕಾಯ್ತು. ಚೆಂಡು ಬೇಡ, ಬ್ಯಾಟು ಬೇಡ. ನೆಲ ಇದ್ದರೆ ಆಯ್ತು. "ಒನ್ ಗರ್ಲ್ ಗೋ. ಟಚ್. ಕಮ್ ಬ್ಯಾಕ್. ಸೇಮ್ ಬ್ರೆತ್." ಮುಟ್ಟಿಸಿಕೊಂಡವರು ಸತ್ತ ಹಾಗೆ, ಹೊರಗೆ ಕೂರುವುದು. ಎದುರು ಟೀಮಿನವರು ಒಬ್ಬರು ಸತ್ತರೆ ನಮ್ಮವರು ಒಬ್ಬರು ಎದ್ದು ಬರುವುದು.

"ಸತ್ತವರು ಎದ್ದು ಬರ್ತಾರಾ?" ಲೂಸಿಯಾ ಶಿಲುಬೆಯ ಗುರುತು ಮಾಡಿಕೊಂಡಳು.

"ನನಗೆ ಈ ಆಟ ಬೇಕು" ಅಂದಳು ನಸ್ರೀನ್.

ಮಂಗಳವಾರ, ಸೆ. 30. ಸಂಜೆ

ಹಿಂದಿನ ಲಾನಿನಲ್ಲಿ ಪ್ರಾಕ್ಟೀಸು. ಸುಣ್ಣ ಇಲ್ಲ, ಸ್ವೆಟರುಗಳನ್ನು ಸಾಲಾಗಿ ಇಟ್ಟು ಗೆರೆ ಮಾಡಿದೆವು. ಕ್ಲಾಸಿನ ಬೇರೆ ಹುಡುಗಿಯರೂ ಸೇರಿದರು. ಏಳು ಜನರ ಟೀಮು ಆಯ್ತು. ಲೆವೆಲ್ ಫೈವಿನವರು ನೋಡಲಿಕ್ಕೆ ಬಂದು, ನಾವೂ ಒಂದು ಟೀಮು ಮಾಡ್ತೇವೆ, ಇಪ್ಪತ್ತೈದಕ್ಕೆ ಮ್ಯಾಚು ಆಡುವ ಅಂದರು.

ಕೆಯಿಕೋ ಹಿಡಿಯುವ ಮೊದಲು "ಎಕ್ಸ್‌ಕ್ಯೂಸ್ ಮಿ" ಅನ್ನುತ್ತಾಳೆ. ಅಷ್ಟರಲ್ಲಿ ಎದುರಾಳಿ ಮನೆ ಸೇರಿರುತ್ತಾಳೆ. ಲೂಸಿಯಾಳಿಗೆ ನಗು ಬಂದು ಉಸಿರು ಹಿಡಿಯಲಿಕ್ಕೇ ಆಗುವುದಿಲ್ಲ. ನಸ್ರೀನ್ "ಕಬಡ್ಡಿ" ಮರೆತು ಫಾರ್ಸಿಯಲ್ಲಿ ಏನೋ ಬೈಯುತ್ತ ನುಗ್ಗುತ್ತಾಳೆ. ನಾನು ಮಾತ್ರ ಕೂಗಿದ್ದೇ ಕೂಗಿದ್ದು — ಲೆಫ್ಟ್! ಹೋಲ್ಡ್ ದ ಲೆಗ್! ಡೋಂಟ್ ಸೇ ಸಾರಿ!

ಮಿಸ್ ಕ್ಯಾರಲ್ ಕಿಟಕಿಯಿಂದ ನೋಡುತ್ತಿದ್ದರಂತೆ. "ಅದು ನಮ್ಮ ವಿನೋದಾಳಾ?" ಅಂತ ಕೇಳಿದರಂತೆ.

ಮೊಣಕಾಲೆಲ್ಲ ಹಸಿರು. ಅಣ್ಣನ ಮನೆ ಸೇರಿದಾಗ ಗುಲಾಬಿ ಅತ್ತಿಗೆ ನೋಡಿ, "ಎಂತ ಮಾರಾಯ್ತಿ, ಇಂಗ್ಲಿಷು ಕಲೀಲಿಕ್ಕೆ ಹೋದದ್ದಾ ಗದ್ದೆ ನಾಟಿಗೆ ಹೋದದ್ದಾ?"

ಭಾನುವಾರ, ಅಕ್ಟೋಬರ್ 5

ಬೆಳಿಗ್ಗೆ ದೋಸೆ ತಿನ್ನುವಾಗ ಲೀಲಾಧರಣ್ಣ ಹೇಳಿದ. ಗುರುದತ್ ಅಂತ ಹುಡುಗ. ಮಂಗಳೂರಿನವರು. ಸ್ಯಾನ್ ರಮೋನಿನಲ್ಲಿ ಇಂಜಿನಿಯರು, ಅಪಾರ್ಟ್‌ಮೆಂಟು ಆಫೀಸಿನ ಹತ್ತಿರವೇ. ಹುಡುಗಿ ನೋಡಲಿಕ್ಕೆ ಇಪ್ಪತ್ತೈದಕ್ಕೆ ಬರ್ತಾನೆ, ಶನಿವಾರ ಬೆಳಿಗ್ಗೆ. ಎಲ್ಲ ಸರಿ ಹೋದರೆ ಡಿಸೆಂಬರಿನಲ್ಲಿ ಊರಲ್ಲಿ ಮದುವೆ.

"ಕಾಲೇಜು?" ಅಂದೆ.

"ಅಲ್ಲಿಂದ ದಿನಾ 680 ಹೈವೇ ಹಿಡಿದು ಬರ್ಲಿಕ್ಕೆ ಆಗ್ತದಾ? ಆಮೇಲೆ ನೋಡುವ." ಅಣ್ಣ ಪ್ರೀತಿಯಿಂದಲೇ ಹೇಳಿದ್ದು. ನನ್ನ ತಟ್ಟೆಗೆ ಇನ್ನೊಂದು ದೋಸೆ ಹಾಕಿದ.

ಇಪ್ಪತ್ತೈದಕ್ಕೆ ಮ್ಯಾಚು ಅಂತ ಹೇಳಬೇಕಿತ್ತು. ಹೇಳಲಿಲ್ಲ. ನಮ್ಮ ತುಳುವಿನಲ್ಲೇ ಹೇಳಬಹುದಿತ್ತಲ್ಲ! ಆದರೂ ಬಾಯಿ ಬರಲಿಲ್ಲ. ಹಾಗಾದರೆ ಇದು ಇಂಗ್ಲಿಷಿನ ತಪ್ಪಲ್ಲ.

ಗುರುವಾರ, ಅ. 9

ಲೂಸಿಯಾಳ ಕಾಲು ಉಳುಕಿತು. ಹುಲ್ಲಿನಲ್ಲಿ ನೀರು ಬಿಡುವ ಸ್ಪ್ರಿಂಕ್ಲರಿಗೆ ಎಡವಿದ್ದು. ಕಬಡ್ಡಿಯದೇನೂ ತಪ್ಪಿಲ್ಲ. ಅವಳಂತೂ ಐಸ್ ಹಿಡಿದುಕೊಂಡು ನಗುತ್ತಲೇ ಇದ್ದಳು. ಆದರೆ ಡೈರೆಕ್ಟರು ಆಫೀಸಿನಿಂದ ಹೊರಗೆ ಬಂದು ನೋಡಿದರು. ಸಂಜೆಗೆ ಸುದ್ದಿ — ಕಬಡ್ಡಿ ಬಂದ್. ತಿಂಡಿ ಟೇಬಲ್ಲಿಗೆ ಹೆಸರು ಕೊಡಿ.

ಮಂಗಳವಾರ, ಅ. 14

ಹೋದೆ! ಡೈರೆಕ್ಟರ ಹತ್ತಿರ. ನಾನೇ. ನಸ್ರೀನ್ ಹೋಗ್ತೇನೆ ಅಂದಳು, ಉಳಿದವರು ತಡೆದರು. ಅವಳು ಹೋದರೆ ಸಾಕರೂ ಬಂದ್ ಆಗ್ತದೆ ಅಂತ. ಎಲ್ಲರೂ ನನ್ನ ಮುಖ ನೋಡಿದರು. ಇಷ್ಟು ದಿನ ಬರೆಯಲಿಲ್ಲ, ಬಾತ್‌ರೂಮಿನ ಕನ್ನಡಿಯ ಎದುರು ಪ್ರಾಕ್ಟೀಸು ಮಾಡುವುದರಲ್ಲೇ ಹೋಯಿತು.

ಎತ್ತರದ ಮನುಷ್ಯ. ಒಳ್ಳೆಯವರು. ಒಂದೇ ಮಾತು — "ಇನ್ಶೂರೆನ್ಸು."

ಕನ್ನಡಿಯ ಎದುರು ಕಲಿತದ್ದೆಲ್ಲ ಮರೆತುಹೋಯಿತು. ಬೇರೆಯೇ ಬಂತು. "ಸರ್, ಲಾಸ್ಟ್ ಇಯರ್ ಸಾಕರ್ ಬ್ರೇಕ್ ಒನ್ ಲೆಗ್. ಬಟ್ ಸಾಕರ್ ಈಸ್ ಹಿಯರ್." ಅಲ್ಲಿಗೇ ನಿಲ್ಲಿಸಲಿಲ್ಲ. ಊರಿನ ಕಾಲೇಜಿನಲ್ಲಿ ಎರಡು ವರ್ಷ ಆಡಿದ್ದೇನೆ, ಹೇಗೆ ಬೀಳಬೇಕು ಅಂತ ಮೊದಲು ಕಲಿಸ್ತೇನೆ. ಕ್ಲಾಸಿನಲ್ಲಿ ನಾವೆಲ್ಲ ಮೆಲ್ಲಗೆ ಮಾತಾಡ್ತೇವೆ, ಅಲ್ಲಿ ಕೂಗ್ತೇವೆ, ಸರ್. ಕೂಗಿದ್ದು ಇಂಗ್ಲಿಷಿನಲ್ಲೇ.

ಅವರು ಪೆನ್ನು ಕೆಳಗಿಟ್ಟರು. "ಆ ಶಬ್ದವನ್ನು ಯಾಕೆ ಬಿಡದೆ ಹೇಳ್ತಾ ಇರಬೇಕು?"

"ನೋ ಸ್ಟೀಲಿಂಗ್ ಬ್ರೆತ್, ಸರ್. ನಡುವೆ ಉಸಿರು ಕದಿಯಬಾರದು. ಹೇಳ್ತಾ ಇದ್ದರೆ ಎಲ್ಲರಿಗೂ ಗೊತ್ತಾಗ್ತದೆ."

ಒಮ್ಮೆ ಬಾಗಿಲ ಕಡೆ ನೋಡಿದರು. ಆಮೇಲೆ ತಾವೇ ಶುರು ಮಾಡಿದರು — ಕಬಡ್ಡಿ ಕಬಡ್ಡಿ ಕಬಡ್ಡಿ... ಮುಖ ಟೊಮೆಟೊ ಆಯಿತು. ಸೆಕ್ರೆಟರಿ ಓಡಿ ಬಂದಳು, ಏನಾಯ್ತು ಅಂತ.

ಹುಲ್ಲಿನ ಮೇಲೆ ಬೇಡ. ಜಿಮ್ಮಿನಲ್ಲಿ, ಮ್ಯಾಟು ಹಾಸಿ ಆಡಿ. ಪರ್ಮಿಶನ್ ಸಿಕ್ಕಿತು!!

ಅದೇ ದಿನ, ಊಟ ಆದ ಮೇಲೆ

ಬಿಸಿ ಇರುವಾಗಲೇ ಅಣ್ಣನಿಗೂ ಹೇಳಿದೆ. "ಇಪ್ಪತ್ತೈದಕ್ಕೆ ನನಗೆ ಮ್ಯಾಚು ಉಂಟು. ಅವರು ನೋಡುದಾದ್ರೆ ಅಲ್ಲಿಗೇ ಬರ್ಲಿ."

ಅಣ್ಣ ಟಿ.ವಿ. ಆಫ್ ಮಾಡಿದ. "ಕಬಡ್ಡಿಯಾ? ಇಲ್ಲಿಯಾ?"

"ಸೀರೆ ಉಟ್ಟು ಕಾಫಿ ಕೊಡುದನ್ನು ಎಲ್ಲರೂ ನೋಡ್ತಾರೆ. ಇದನ್ನೂ ಒಮ್ಮೆ ನೋಡ್ಲಿ" ಅಂದಳು ಅತ್ತಿಗೆ, ಪಾತ್ರೆ ತೊಳೆಯುತ್ತ. ತಿರುಗಿಯೂ ನೋಡಲಿಲ್ಲ.

ಅಣ್ಣ ಗುರುದತ್ತರಿಗೆ ಫೋನು ಮಾಡಲಿಕ್ಕೆ ಎದ್ದು ಹೋದ.

ಶನಿವಾರ, ಅ. 25. ಸಂಜೆ

ಕೈ ನೋಯುತ್ತಿದೆ, ಅಕ್ಷರ ಸೊಟ್ಟ. ಆದರೂ ಬರೆಯಲೇಬೇಕು.

ಜಿಮ್ಮಿನ ತುಂಬ ಜನ. ಸಾಕರ್ ಹುಡುಗರೂ ಆಟ ಮುಗಿಸಿ ಬಂದು ಗೋಡೆಗೆ ಒರಗಿ ನಿಂತರು. ಲೂಸಿಯಾ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡೇ ಇಳಿದಳು. ಎದುರಿಗೆ ಲೆವೆಲ್ ಫೈವ್ — ಅವರಲ್ಲಿ ಒಬ್ಬಳು ಕೊರಿಯಾದ ಜೂಡೋ ಹುಡುಗಿ, ಕೈ ಅಂದರೆ ಕಬ್ಬಿಣ. ಅಂಪೈರು ಮಿಸ್ ಕ್ಯಾರಲ್. ಸೀಟಿ ಉಂಟು, ನಿಯಮ ಗೊತ್ತಿಲ್ಲ. ಮೊದಲ ರೈಡಿಗೇ ಗಲಾಟೆ. "ಈ ಆಟ ಗೊತ್ತಿರುವವರು ಯಾರಾದರೂ ಇದ್ದೀರಾ?" ಅಂತ ಕೂಗಿದರು.

ಬಾಗಿಲ ಹತ್ತಿರ ಅಣ್ಣ, ಅತ್ತಿಗೆ. ಪಕ್ಕದಲ್ಲಿ ಇಸ್ತ್ರಿ ಶರಟು, ಕೈಯಲ್ಲಿ ಸ್ವೀಟಿನ ಡಬ್ಬಿ, ಕನ್ನಡಕ. ಅಣ್ಣ ಆ ಕನ್ನಡಕದವರನ್ನು ಮುಂದಕ್ಕೆ ತಳ್ಳಿದ. "ಇವರಿಗೆ ಗೊತ್ತುಂಟು!"

ಹೀಗೆ ಗುರುದತ್ ನನ್ನನ್ನು ನೋಡಲಿಕ್ಕೆ ಬಂದವರು ಅಂಪೈರಾದರು. ಡಬ್ಬಿ ಮಿಸ್ ಕ್ಯಾರಲ್ ಕೈಗೆ, ಸೀಟಿ ಅವರ ಬಾಯಿಗೆ.

ಕೆಯಿಕೋ ಇವತ್ತು ಎಕ್ಸ್‌ಕ್ಯೂಸ್ ಮಿ ಅನ್ನಲಿಲ್ಲ. ಜೂಡೋ ಹುಡುಗಿಯ ಪಾದಕ್ಕೆ ಬಿದ್ದು ಎರಡೂ ಕೈಯಲ್ಲಿ ಹಿಡಿದಳು, ಬಿಡಲೇ ಇಲ್ಲ. ಜಿಮ್ಮೇ ಹಾರಿತು. ಆಮೇಲೆ ಅವಳ ಹತ್ತಿರ ಹೋಗಿ ಸಾರಿ ಕೇಳಿದಳು, ಅದು ಬೇರೆ. ನಸ್ರೀನ್ ಸಾಯುವುದು, ಏಳುವುದು, ಸಾಯುವುದು. ಪ್ರತಿ ಸಲ ಏಳುವಾಗ ಕೈ ಎತ್ತಿ ಜನರಿಗೆ ತೋರಿಸುವುದು.

ಕೊನೆಯ ರೈಡು ನನ್ನದು. ಸ್ಕೋರು ಸಮಸಮ. ಮೂಲೆಯವಳನ್ನು ಮುಟ್ಟಿದೆ, ತಿರುಗಿದೆ, ಜೂಡೋ ಹುಡುಗಿ ಸೊಂಟ ಹಿಡಿದಳು. ಎಳೆದುಕೊಂಡೇ ಗೆರೆಗೆ ಕೈ ತಾಗಿಸಿದೆ. ಗೆದ್ದೆ! — ಸೀಟಿ. ಔಟ್ ಅಂತೆ. ಉಸಿರು ತಪ್ಪಿತಂತೆ.

ಎಲ್ಲಿಂದ ಬಂತೋ ಸಿಟ್ಟು. ಅಷ್ಟು ಜನರ ಎದುರು, ಔಟ್ ಆಗಿಲ್ಲ ಅಂತ ತುಳುವಿನಲ್ಲಿ ಕಿರುಚಿದೆ — "ಔಟ್ ಆತ್‌ಜಿ! ಆತ್‌ಜಿ!" ಅವರೂ ತುಳುವಿನಲ್ಲೇ, ಆಗಿದೆ, ನಾನು ಕೇಳಿದ್ದೇನೆ ಅಂತ. ನಾನು ನುಗ್ಗಿದ ಹಾಗೆ ಅವರು ಹಿಂದೆ ಹಿಂದೆ. ಅಣ್ಣ ಕಣ್ಣು ಮುಚ್ಚಿಕೊಂಡ. ಅತ್ತಿಗೆ ಕುರ್ಚಿ ಹತ್ತಿ ನಿಂತಳು. ಅಷ್ಟರಲ್ಲಿ ಕೆಯಿಕೋ ನನ್ನ ತೋಳು ಮುಟ್ಟಿ ಮೆಲ್ಲಗೆ, "ಸಾರಿ ವಿನೋದಾ. ಐ ಹಿಯರ್ ಆಲ್ಸೋ."

ಒಂದು ಪಾಯಿಂಟಿಗೆ ಸೋತೆವು. ಯಾರಿಗೂ ಸೋತ ಹಾಗೆ ಅನಿಸಲೇ ಇಲ್ಲ. ಗುರುದತ್ತರ ಸ್ವೀಟನ್ನು ಎರಡೂ ಟೀಮು ಖಾಲಿ ಮಾಡಿತು, ಇನ್ನು ಪ್ರತಿ ಶನಿವಾರ ಪ್ರಾಕ್ಟೀಸು ಅಂತ ಅಲ್ಲೇ ತೀರ್ಮಾನವಾಯ್ತು.

ಭಾನುವಾರ, ಅ. 26

ಅವರು ಫೋನು ಮಾಡಿದರು. ಅಣ್ಣ ಮಾತಾಡಿ, ಬಿಳಿಚಿಕೊಂಡು ನನ್ನ ಕೈಗೆ ಕೊಟ್ಟ. "ನಿನ್ನ ಹತ್ರವೇ ಮಾತಾಡ್ಬೇಕಂತೆ."

"ನನಗೆ ಒಪ್ಪಿಗೆ ಉಂಟು. ನಿಮಗೆ?" ಅಂತ ನೇರ ಕೇಳಿದರು.

ಅಣ್ಣ ಎದುರಿಗೇ ನಿಂತಿದ್ದ. ಹೇಳಿದೆ, ಅವನಿಗೂ ಕೇಳುವ ಹಾಗೆ. "ನನಗೆ ಈಗ ಮದುವೆ ಬೇಡ. ಕಾಲೇಜು ಮುಗಿಸ್ಬೇಕು. ಪಿ.ಇ. ಟೀಚರ್ ಆಗ್ಬೇಕು. ಆಮೇಲೆ ಕೇಳಿದ್ರೆ ಆಗ ಯೋಚನೆ ಮಾಡ್ತೇನೆ. ಕಾಯಿರಿ ಅಂತ ಹೇಳುದಿಲ್ಲ."

ಅಲ್ಲಿಂದ ನಗು ಕೇಳಿತು. "ಆಯ್ತು. ಶನಿವಾರ ಅಂಪೈರು ಬೇಕಾ?"

"ಬೇಕು. ಆದ್ರೆ ಕಿವಿ ಡಾಕ್ಟ್ರಿಗೆ ತೋರಿಸಿ ಬನ್ನಿ."

ಅಣ್ಣ ತುಂಬ ಹೊತ್ತು ಬಾಲ್ಕನಿಯಲ್ಲಿದ್ದ. ಒಳಗೆ ಬಂದವನು ಕೇಳಿದ್ದು ಇಷ್ಟೇ — "ಪಿ.ಇ. ಅಂತ ನನಗೆ ಯಾಕೆ ಹೇಳ್ಲಿಲ್ಲ?"

"ನೀನು ಬೇಡ ಅಂತಿದ್ದೆ."

"ಅಂತಿದ್ದೆ, ಹೌದು" ಅಂದ. ಆಮೇಲೆ, "ಆ ಜೂಡೋದವಳನ್ನು ಎಳ್ಕೊಂಡು ಹೋದದ್ದು... ಊರಲ್ಲಿ ಯಾರೂ ನಂಬುದಿಲ್ಲ."

ಶನಿವಾರ, ನವೆಂಬರ್ 8. ಬೆಳಿಗ್ಗೆ

ಇವತ್ತು ಪ್ರಾಕ್ಟೀಸು ಇಲ್ಲ. ನಸ್ರೀನಿಗೆ ನಿನ್ನೆ ಲೈಸೆನ್ಸು ಸಿಕ್ಕಿತು. ಸಾಂತಾ ಕ್ರೂಜಿಗೆ ಹೋಗುವ, ಸಮುದ್ರ ನೋಡುವ ಅಂತ ಹಟ. ದಾರಿಯೆಲ್ಲ ಗುಡ್ಡ, ತಿರುವು. ಕೆಯಿಕೋ ನಾಲ್ಕು ಜನರಿಗೂ ಆಗುವಷ್ಟು ವಾಂತಿ ಮಾತ್ರೆ ತಂದಿದ್ದಾಳಂತೆ. ಲೂಸಿಯಾ ಮುಂದಿನ ಸೀಟು ನನಗೇ ಇಟ್ಟಿದ್ದಾಳೆ, ಕೂಗಲಿಕ್ಕೆ.

ಅತ್ತಿಗೆ ಪುಳಿಯೊಗರೆ ಕಟ್ಟುತ್ತಿದ್ದಾಳೆ. ತಾನೂ ಬರಲಾ ಅಂತ ಎರಡು ಸಲ ಕೇಳಿದಳು. ಸೀಟಿಲ್ಲ ಅಂದೆ. ಸ್ವಲ್ಪ ಒತ್ತಿ ಕೂತರೆ ಆಗ್ತದೆ ಅಂದಳು. ಚಪ್ಪಲಿ ಹಾಕಿಯೇ ಬಿಟ್ಟಿದ್ದಾಳೆ.

ಕೆಳಗೆ ಹಾರ್ನು. ಮತ್ತೆ ಹಾರ್ನು. ಅಣ್ಣ ಬಾಲ್ಕನಿಯಿಂದ ಬಗ್ಗಿ ನೋಡುತ್ತಿದ್ದಾನೆ. ನಸ್ರೀನ್ ಕೆಳಗಿನಿಂದ ಏನೋ ಕೂಗುತ್ತಿದ್ದಾಳೆ... ಬ್ರೇಕು ಎಡಗಡೆಯದ್ದಾ ಬಲಗಡೆಯದ್ದಾ ಅಂತ. ತಮಾಷೆಗಾ, ನಿಜವಾಗಿಯಾ —