ಏಳು ತೂತುಗಳ ಎರಡು ಹಾಳೆ

ತಂಗೀ,

ಇವತ್ತು ನಮ್ಮ ಸಂಗ್ರಹದ ಕೋಣೆಯಲ್ಲಿ ನಾನು ಕುಣಿದುಬಿಟ್ಟೆ, ಈ ಮಂಡಿನೋವು ಇಟ್ಟುಕೊಂಡು! ಐನೂರು ವರ್ಷದ ಹಿಂದೆ ಯುರೋಪಿನಲ್ಲಿ ಅಚ್ಚಾದ, ಹುಳ ತೂತು ಕೊರೆದ ಆ ಎರಡು ಬಿಡಿ ಹಾಳೆ ನೆನಪಿವೆಯಲ್ಲ, ಒಂದು ಬೆಳ್ಳಗಿನದು, ಒಂದು ಚಹಾ ಬಣ್ಣದ್ದು? ಎರಡೂ ಒಂದೇ ಪುಸ್ತಕದವೆಂದು ನೀನು ಹಟ ಹಿಡಿದಿದ್ದೆ.

"ಹುಳಕ್ಕೆ ಓದು ಬರಲ್ಲ ಅಣ್ಣಾ, ನೆಟ್ಟಗೆ ಕೊರ್ಕೊಂಡು ಹೋಗುತ್ತೆ. ತೂತು ಹೊಂದಿಸಿ ನೋಡು" ಅಂದಿದ್ದೆ.

"ಹಾಗಾದ್ರೆ ಸಂಗ್ರಹದ ಪಟ್ಟಿ ಬರೆಯೋಕೆ ಹುಳಾನೇ ಕೂರಿಸೋಣ" ಎಂದು ನಾನು ಎಲ್ಲರೆದುರು ನಗಾಡಿದೆ. ಬೇರೆ ಬೇರೆ ಪುಸ್ತಕ ಎಂದು ಬರೆದು, ಎರಡನ್ನೂ ದೂರದೂರದ ಪೆಟ್ಟಿಗೆಗೆ ಹಾಕಿದೆ. ಮರುದಿನದಿಂದ ನೀನು ಬರಲಿಲ್ಲ. ಹೋದ ವರ್ಷ ನೀನು ತೀರಿಕೊಂಡ ಸುದ್ದಿಯೂ ನನಗೆ ಬೇರೆಯವರ ಬಾಯಿಂದಲೇ ಬಂತು.

ಇವತ್ತು ಹೊಸದಾಗಿ ಬಂದ ಬೈಂಡರ್, ಬಿಡಿ ಹಾಳೆಗಳನ್ನೆಲ್ಲ ಪೆಟ್ಟಿಗೆಗಳಿಂದ ತೆಗೆದು, ಹೊದಿಕೆಯ ಅಳತೆಗೆಂದು ಆ ಎರಡನ್ನೂ ಗಾಜಿನ ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟು ಕೆಳಗಿನ ದೀಪ ಹಾಕಿದ. ಏಳು ತೂತು ಕಣೇ, ಏಳರಲ್ಲೂ ಬೆಳಕು! ಕೂದಲೆಳೆಯಷ್ಟೂ ಆಚೀಚೆ ಇಲ್ಲ!

"ಇದನ್ನ ಇಷ್ಟು ದಿನ ಯಾರೂ ನೋಡ್ಲಿಲ್ವಾ ಸಾರ್?"

"ನನ್ನ ತಂಗಿ ನೋಡಿದ್ಲು."

"ಮತ್ತೆ ನೀವು?"

"ನಾನು ಅವಳ ಅಣ್ಣ ಅಲ್ವೇನಯ್ಯಾ!"

ಅವನು ಬಿದ್ದು ಬಿದ್ದು ನಕ್ಕ. ಎರಡನ್ನೂ ಒಂದೇ ಹೊದಿಕೆಯೊಳಗೆ ಮಲಗಿಸಿದೆವು. ಪಟ್ಟಿಯಲ್ಲಿ ನನ್ನ ಸಾಲು ಹೊಡೆದುಹಾಕಿ, ಗುರುತಿಸಿದವರು ಎಂಬ ಕಡೆ ನಿನ್ನ ಹೆಸರು ದಪ್ಪಗೆ ಬರೆದೆ.

"ಈಗಲೇ ಅವರಿಗೊಂದು ಫೋನ್ ಮಾಡಿ ಸಾರ್, ಎಷ್ಟು ಖುಷಿಪಡ್ತಾರೆ!" ಎಂದ.

"ಮಾಡ್ತೀನಿ" ಎಂದೆ.