ಹೊತ್ತು ಮುಳುಗಿದ ಮೇಲಿನ ಕಾಫಿ

ಕಾಕಾ,

ನಮ್ಮಣ್ಣ ವಿಜಯದಾದಾನ ಮದುವೆ ಆಯಿತು. ಹುಡುಗಿ ಅಥಣಿಯವಳು, ಹೆಸರು ಶೀತಲ. ಹೋದ ಮಳೆಗಾಲದಲ್ಲಿ ನಿನ್ನನ್ನು ಮಿರಜದ ಆಸ್ಪತ್ರೆಗೆ ಒಯ್ಯುವಾಗ ಅಪ್ಪನ ತೊಡೆಯ ಮೇಲೆಯೇ ನೀನು ಕಣ್ಣು ಮುಚ್ಚಿದೆಯಲ್ಲ, ಆಗ ಈ ಸಂಬಂಧದ ಮಾತು ಕೂಡ ಎದ್ದಿರಲಿಲ್ಲ. ಮದುವೆಯಲ್ಲಿ ಯಾರು ಬಂದರು, ಎಂಥ ಸೀರೆ ಕೊಟ್ಟರು ಎನ್ನುವುದು ನಿನಗೆ ಬೇಕಿಲ್ಲ ಎಂದು ಗೊತ್ತು. ನಾನು ಬರೆಯುವುದು ಅದರ ಹಿಂದಿನ ದಿನದ್ದು, ಹಳದಿಯ ದಿನದ್ದು. ಆ ಹಳದಿಗಾಗಿಯೇ ನಿನ್ನ ಸ್ಟೀಲಿನ ಷೇಕರನ್ನು ಮೊದಲ ಸಲ ಕೈಗೆ ತೆಗೆದುಕೊಂಡೆ.

ಅದು ನಮ್ಮ ಮನೆಗೆ ಬಂದ ದಿನ ಚೆನ್ನಾಗಿ ನೆನಪಿದೆ. ಗೋವಾದ ಬಾರಿನ ಕೆಲಸ ಬಿಟ್ಟು ಒಂದು ಟ್ರಂಕ್ ಹಿಡಿದು ನೀನು ಉಗಾರಕ್ಕೆ ಇಳಿದಿದ್ದೆ. ಟ್ರಂಕಿನಲ್ಲಿ ಎರಡು ಅಂಗಿ, ಕಾಫಿ ಪುಡಿಯ ಪೊಟ್ಟಣಗಳು, ಮತ್ತೆ ಪಾನೀಯ ಕುಲುಕಿ ಬೆರೆಸುವ, ಹೊಳೆಯುವ ಆ ಸ್ಟೀಲಿನ ಷೇಕರ್. ನಿನ್ನ ತಾಯಿ, ನಮ್ಮ ಆಯಿ, ಅದನ್ನು ಎರಡು ಬೆರಳಿನಲ್ಲಿ ಎತ್ತಿ ಕೇಳಿದಳು.

"ಇದರಾಗ ಸೆರೆ ಹಾಕತಿದ್ದೇನ?"

"ಹಾಕತಿದ್ದೆ. ಇನ್ನ ಮ್ಯಾಲೆ ಕಾಫಿ ಹಾಕ್ತೀನಿ."

"ಮನ್ಯಾಗ ಚಾ ಕುಡಿಯೂ ಮಂದಿ. ಕಾಫಿ ಯಾರಿಗೆ ಬೇಕೋ?"

"ಮೊದಲ ಕುಡದ ನೋಡವಾ, ಆಮ್ಯಾಲೆ ಬೈ."

ಆಯಿ ಅದನ್ನು ಬೂದಿ ಹಾಕಿ ತಿಕ್ಕಿದಳು, ಹುಣಸೆಹಣ್ಣು ಹಾಕಿ ತಿಕ್ಕಿದಳು, ಬಿಸಿಲಿಗಿಟ್ಟಳು. ಆದರೂ ಅಡುಗೆಮನೆಯ ಒಳಗೆ ಬಿಡಲಿಲ್ಲ. ಅದರ ಜಾಗ ಹಿತ್ತಲ ಕಿಟಕಿ ಎಂದೇ ಆಯಿತು.

ರವಿವಾರದ ಮಧ್ಯಾಹ್ನ ನೀನು ಆ ಕಿಟಕಿಯ ಹತ್ತಿರ ನಿಂತು ಮಾಡುತ್ತಿದ್ದದ್ದನ್ನು ನಾನು ಪುಸ್ತಕದ ಮರೆಯಿಂದ ನೋಡುತ್ತಿದ್ದೆ. ಬೆಳಿಗ್ಗೆಯೇ ಇಳಿಸಿಟ್ಟ ಗಟ್ಟಿ ಡಿಕಾಕ್ಷನ್ ಪೂರ್ತಿ ತಣ್ಣಗಾಗಿರಬೇಕು. ಬೆಲ್ಲವನ್ನು ಕರಗಿಸಿ ಸೋಸಿದ ಪಾಕ, ಬರ್ಫ, ಲಿಂಬೆಯ ನಾಲ್ಕು ಹನಿ. ಮುಚ್ಚಳ ಬಿಗಿದು, ಹೊರಗಿನ ಸ್ಟೀಲಿಗೆ ಬೆವರು ಬರುವವರೆಗೆ ಕುಲುಕಿ ಲೋಟಕ್ಕೆ ಸುರಿದರೆ ಮೇಲೆ ದಪ್ಪ ನೊರೆ ನಿಲ್ಲುತ್ತಿತ್ತು. ಅದಕ್ಕೆ ಕಾಕ್‌ಟೇಲ್ ಎಂದು ಕರೆಯಬೇಡ ಎಂದು ನಾನು ಜಗಳ ತೆಗೆದಿದ್ದೆ. "ಕೂಡಿಸಿದ್ದಕ್ಕ ಆ ಹೆಸರು, ಸೆರೆಗಲ್ಲ" ಎಂದೆ ನೀನು. ಆ ಹೆಸರು ಇರುವವರೆಗೆ ನಾನು ಮುಟ್ಟುವುದಿಲ್ಲ ಎಂದೆ. ಮುಟ್ಟಲಿಲ್ಲ ಕೂಡ.

ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ಪಾನನಿಷೇಧದ ಕರಪತ್ರ ಹಂಚಿ ಬಂದ ಸಂಜೆ ನಿನ್ನ ಮುಂದೆ ಒಂದು ಭಾಷಣವನ್ನೇ ಮಾಡಿದ್ದೆ. ನಮ್ಮ ಹೊಲದ ಕಬ್ಬು ಸಕ್ಕರೆಯಾಗುತ್ತದೆ, ಸಕ್ಕರೆಯ ಕಾಕಂಬಿ ಸೆರೆಯಾಗುತ್ತದೆ, ಆ ಸೆರೆ ತಿರುಗಿ ನಮ್ಮ ಮನೆಗೇ ಬರುತ್ತದೆ, ಆದ್ದರಿಂದ... ನೀನು ಪೂರ್ತಿ ಕೇಳಿದೆ. ಈಗಲೂ ಅದರಲ್ಲಿ ಒಂದು ಮಾತನ್ನೂ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಕೇಳಿದ ಮೇಲೆ ನೀನು ಅಂದದ್ದು ಇಷ್ಟೇ: "ಬ್ಯಾಡ ಅನ್ನೂದು ಸಸಾರ ಐತಿ, ಸುಜಿ. ಅದರ ಬದಲಿ ಕೈಯಾಗ ಏನ ಕೊಡ್ತಿ?" ನನ್ನ ಕೈಯಲ್ಲಿ ಉಳಿದ ಕರಪತ್ರಗಳಿದ್ದವು.

ಇನ್ನೊಂದು ಮಾತು. ಗೋವಾಕ್ಕೆ ಹೊರಡುವಾಗ ನೀನು ಆಯಿಯ ಮುಂದೆ ಆಣೆ ಮಾಡಿದ್ದೆ, ಸೆರೆಯ ಒಂದು ಹನಿಯೂ ನಾಲಿಗೆಗೆ ತಾಗುವುದಿಲ್ಲ ಎಂದು. ಅಷ್ಟು ವರ್ಷ ಬಾರಿನಲ್ಲಿ ನಿಂತು ಮಿಶ್ರ ಮಾಡಿದೆ, ರುಚಿ ಮಾತ್ರ ನೋಡಲಿಲ್ಲ ಎನ್ನುತ್ತಿದ್ದೆ. "ವಾಸನಿ ನೋಡತಿದ್ದೆ. ಕುಡಿಯವನ ಎರಡನೇ ಗುಟುಕ ನೋಡತಿದ್ದೆ. ಮೊದಲನೇ ಗುಟುಕ ಮರ್ಯಾದಿಗೆ ಕುಡೀತಾನ, ಎರಡನೇದು ಖರೇ." ಊರು ನಕ್ಕಿತು. ಮಿಠಾಯಿ ಅಂಗಡಿಯವನು ಸಕ್ಕರೆ ತಿನ್ನದೆ ಇರುತ್ತಾನೇನು ಎಂದರು ಜನ. ನಾನು ನಗಲಿಲ್ಲ. ಆದರೆ ನಂಬಿದ್ದೆನೇ? ಅದು ಆಗುವ ಮಾತೇ ಎಂದು ಒಳಗೊಳಗೇ...

ಈಗ ಹಳದಿಯ ವಿಷಯ. ಮೈಗೆ ಹಳದಿ ಹಚ್ಚಿಸಿಕೊಂಡ ಮದುಮಗ ಮದುವೆಯವರೆಗೆ ಅಂಗಳ ದಾಟುವಂತಿಲ್ಲವಲ್ಲ. ಹಾಗಾಗಿ ದಾದಾನ ದೋಸ್ತರು ಹೊತ್ತು ಮುಳುಗಿದ ಮೇಲೆ ನಮ್ಮ ಹಿತ್ತಲ ಟ್ರ್ಯಾಕ್ಟರ್ ಷೆಡ್ಡಿಗೇ ಬಾಟ್ಲಿ ತರುವುದೆಂದು ಗೊತ್ತುಮಾಡಿದ್ದರು. ಹಳದಿಗೆ ಕೆಲವು ದಿನ ಮುಂಚೆಯೇ ಸುದ್ದಿ ನನಗೆ ತಿಳಿಯಿತು. ನಾನು ದಾದಾನಿಗೆ ಅಡುಗೆಮನೆಯ ಬಾಗಿಲಲ್ಲೇ ಹೇಳಿದೆ.

"ಬಾಟ್ಲಿ ನಮ್ಮ ಅಂಗಳಕ್ಕ ಬಂತಂದ್ರ ನಿನ್ನ ಹಿಂದ ಕಲಶ ಹಿಡಕೊಂಡ ನಾ ನಿಂದ್ರಾಂಗಿಲ್ಲ."

"ಮತ್ತ ಯಾರ ನಿಂದ್ರಬೇಕು? ಇರಾಕಿ ಒಬ್ಬಾಕಿ ತಂಗಿ."

"ಅದನ್ನ ನೀ ವಿಚಾರ ಮಾಡು."

"ಪುಡಾರಿಬಾಯಿ, ಇದು ನಿನ್ನ ಸಭಾ ಅಲ್ಲ, ನನ್ನ ಲಗ್ನ." ಮತ್ತೆ ಅವನೇ ಕೇಳಿದ, "ಆತು, ಬಾಟ್ಲಿ ಬ್ಯಾಡಂತೀನಿ. ದೂರದಿಂದ ಬಂದ ದೋಸ್ತರಿಗೆ ಏನ ಕೊಡ್ಲಿ? ಚಾ ಬಿಸ್ಕಿಟ?"

ನೀನು ಕೇಳಿದ್ದನ್ನೇ ಅವನೂ ಕೇಳಿದ. "ಕಾಕಾನ ಕಾಫಿ ನಾ ಮಾಡ್ತೀನಿ" ಎಂದೆ. ದಾದಾ ನನ್ನ ಮುಖ ನೋಡಿ ಜೋರಾಗಿ ನಕ್ಕ. ಆಮೇಲೆ ಒಪ್ಪಿದ. ಅವರಿಗೆ ಸೇರಿದರೆ ಬಾಟ್ಲಿ ಇಲ್ಲ, ಸೇರದಿದ್ದರೆ ನಾನು ಬಾಯಿ ಮುಚ್ಚಿಕೊಂಡು ಕಲಶ ಹಿಡಿಯಬೇಕು.

ನಿನ್ನ ಕೈ ನೋಡಿದ್ದೆನೇ ಹೊರತು ನಾನು ಎಂದೂ ಮಾಡಿದವಳಲ್ಲ. ಮೊದಲ ದಿನದ್ದು ಕಷಾಯ. ಎರಡನೆಯದರಲ್ಲಿ ಡಿಕಾಕ್ಷನ್ ಬೆಚ್ಚಗಿತ್ತು, ಬರ್ಫವೆಲ್ಲ ಕರಗಿ ನೀರಾಯಿತು. ಬರ್ಫ ಕೂಡ ಪೇಟೆಯದು ಆಗುವುದಿಲ್ಲ, ಸೋಸದ ನೀರಿನದು ಎಂದು ಆಯಿ ತಕರಾರು ತೆಗೆದಳು. ಬಟ್ಟೆಯಲ್ಲಿ ನೀರು ಸೋಸಿ ಮನೆಯ ಫ್ರಿಜ್ಜಿನಲ್ಲೇ ಹಾಕಿದೆ. ಕಾಗವಾಡದಲ್ಲಿ ಸೋಡಾ ಅಂಗಡಿ ಇಟ್ಟಿರುವ ಇರ್ಫಾನ, ದಾದಾನ ದೋಸ್ತ, ನಿನಗೆ ಗೊತ್ತು. ಅವನು ಸೋಡಾದ ಕ್ರೇಟಿನ ಜೊತೆ ಒಂದು ಬಾಟಲಿ ಜೇನನ್ನೂ ತಂದ.

"ಬೆಲ್ಲದಕಿಂತಾ ಇದ ಚಲೋ ಆಗ್ತೈತಿ, ಆಯಿ" ಎಂದ.

ಆಯಿ ಎರಡೂ ಕೈ ಹಿಂದಕ್ಕೆ ತೆಗೆದುಕೊಂಡಳು. "ಎಪ್ಪಾ, ಜೈನರ ಮನಿ ಇದು, ನಮಗ ಸೆರೆ ಎಷ್ಟೋ ಜೇನೂ ಅಷ್ಟ. ಒಂದನ್ನ ಹೊರಗ ಹಾಕಾಕ ಹೋಗಿ ಇನ್ನೊಂದನ್ನ ಒಳಗ ಕರಕೊಳ್ಳಲೇನ?"

"ತಪ್ಪಾತು ಆಯಿ, ನಮ್ಮವ್ವಗ ಕೊಡ್ತೀನಿ" ಎಂದು ಅವನು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡ. ಅವನೂ ಕುಡಿಯುವವನಲ್ಲ. ಪ್ರತಿ ಪಾರ್ಟಿಯಿಂದ ಇವರನ್ನೆಲ್ಲ ಗಾಡಿಯಲ್ಲಿ ಮನೆ ಮುಟ್ಟಿಸುವುದು ಅವನ ಕೆಲಸ.

ಹಳದಿಯ ದಿನ ಎಲ್ಲ ಸರಿಯಾಯಿತು, ಅಥವಾ ಆಯಿತು ಎಂದುಕೊಂಡೆ. ಐದು ಗಂಟೆಗೆ ನೊರೆ ನಿಂತ ಲೋಟಗಳನ್ನು ಹಂಚಿದೆ. ದೋಸ್ತರು ಹೊಗಳಿದರು. ಎರಡೆರಡು ಲೋಟ ಕುಡಿದರು. ರಾಯಬಾಗದ ಸಂತೋಷ, ದಾದಾನ ಎಲ್ಲಕ್ಕಿಂತ ಹತ್ತಿರದ ದೋಸ್ತ, "ಏ ಸುಜಿ, ಅಂಗಡಿ ತೆಗಿ, ನಾ ಪಾರ್ಟನರ್" ಎಂದ. ಕೊನೆಗೆ ಆಯಿ ಕೂಡ ಒಂದು ಲೋಟ ಇಸಿದುಕೊಂಡು, ಗೋಡೆಯ ಕಡೆ ಮುಖ ಮಾಡಿ ಕುಡಿದು ಮುಗಿಸಿದಳು. ನಾನು ಗೆದ್ದೆ ಎಂದು ಪಾತ್ರೆ ತೊಳೆದಿಟ್ಟೆ. ಹೊತ್ತು ಮುಳುಗುವ ಮುಂಚೆ ಮನೆಯವರ ಊಟ ಮುಗಿಯಿತು. ನನ್ನದೂ ಮುಗಿಯಿತು, ಇನ್ನು ಬೆಳಗಾಗುವವರೆಗೆ ಬಾಯಿಗೆ ಏನೂ ಹಾಕುವಂತಿಲ್ಲ.

ಕತ್ತಲಾದ ಮೇಲೆ ಹಿತ್ತಲಿಗೆ ಹೋದರೆ ಸಂತೋಷ ಬೈಕಿನಿಂದ ಚೀಲ ಇಳಿಸುತ್ತಿದ್ದಾನೆ. ಒಳಗೆ ಗಾಜು ಗಾಜಿಗೆ ತಾಗಿದ ಸದ್ದು.

"ಕಾಫಿ ಸೇರಲಿಲ್ಲೇನ?" ಎಂದೆ.

"ಭಾರಿ ಸೇರಿತು. ಅದು ಸಂಜೀದು. ಇದು ರಾತ್ರೀದು."

ಆಗ ಹೊಳೆಯಿತು ಕಾಕಾ. ಬಾಯಿ ಕಟ್ಟುವ ಹೊತ್ತು ನಮ್ಮ ಮನೆಯಲ್ಲಿ ಯಾವುದೋ, ಬಾರಿನ ಬಾಗಿಲು ತೆರೆಯುವ ಹೊತ್ತು ಅದೇ. ನಾನು ನಮ್ಮ ಮನೆಯ ಗಡಿಯಾರ ನೋಡಿ ಕಾಫಿ ಕೊಟ್ಟಿದ್ದೆ. ಅವರಿಗೆ ಬೇಕಾದದ್ದು ಇನ್ನೂ ಶುರುವೇ ಆಗಿರಲಿಲ್ಲ. ನಮ್ಮವರಲ್ಲದ ಯಾರಾದರೂ ಈ ತಪ್ಪು ಮಾಡುತ್ತಿದ್ದರೇ?

"ತೆಗೀಬ್ಯಾಡ್ರಿ, ಇನ್ನೊಂದ ಮಾಡಿ ಕೊಡ್ತೀನಿ" ಎಂದು ಒಳಗೆ ಓಡಿದೆ. ಷೇಕರ್, ಡಿಕಾಕ್ಷನ್, ಸೋಡಾ ಎಲ್ಲ ಷೆಡ್ಡಿಗೆ ತಂದು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಹರವಿದೆ. ಸಂಜೆಯದೇ ಮತ್ತೆ ಕೊಟ್ಟರೆ ನಗುತ್ತಾರೆ. ನೀನು ಒಮ್ಮೆ ಹೇಳಿದ್ದು ನೆನಪಾಯಿತು, ಕುಡಿಯುವ ಮಂದಿಗೆ ಸಿಹಿ ಬೇಕಿಲ್ಲ, ಗಂಟಲಲ್ಲಿ ಏನಾದರೂ ಕಚ್ಚಬೇಕು ಎಂದು. ಬೆಲ್ಲದ ಪಾಕ ಕಡಿಮೆ ಮಾಡಿದೆ. ಆಮಸೂಲ ನೆನೆಹಾಕಿದ ಹುಳಿನೀರು, ಉಪ್ಪು, ಸುಂಠಿ ಪುಡಿ, ಕುಟ್ಟಿದ ಮೆಣಸು ಹಾಕಿದೆ. ಎಷ್ಟು? ಇದನ್ನು ನಾನು ಮೊದಲು ಮಾಡಿದವಳಲ್ಲ, ಈಗ ರುಚಿ ನೋಡುವ ಹಾಗಿಲ್ಲ. ಹೊತ್ತು ಮುಳುಗಿತ್ತು. ಮೂಗಿನ ಹತ್ತಿರ ಹಿಡಿದೆ. ಹುಳಿ ಮುಂದಿತ್ತು, ಕಾಫಿ ಹಿಂದೆ ಬಿದ್ದಿತ್ತು. ಡಿಕಾಕ್ಷನ್ ಹೆಚ್ಚಿಗೆ ಹಾಕಿ ಕುಲುಕಿದೆ. ಇರ್ಫಾನನ ಕೈಗೆ ಕೊಟ್ಟು ಅವನ ಮುಖ ನೋಡುತ್ತ ನಿಂತೆ. ಮೊದಲ ಗುಟುಕಿಗೆ "ಚಲೋ ಐತಿ" ಎಂದ. ಎರಡನೆಯದಕ್ಕೆ ಹುಬ್ಬು ಗಂಟಾಯಿತು. ಸುಂಠಿ ಹೆಚ್ಚಾಗಿದೆ ಎಂದು ಅವನು ಹೇಳುವ ಮೊದಲೇ ತಿಳಿಯಿತು. ಮೂರನೆಯ ಸಲ ಮಾಡಿದ್ದನ್ನು ಅವನು ಮಾತಾಡದೆ ಪೂರ್ತಿ ಕುಡಿದ.

ನೀನು ಮಾಡಿದ್ದು ಇದನ್ನೇ. ಒಂದು ಹನಿಯೂ ನಾಲಿಗೆಗೆ ಹಾಕದೆ ಮಾಡಬಹುದು. ಅದಕ್ಕೆ ಎದುರಿನವನ ಮುಖವನ್ನು ಬಿಡದೆ ನೋಡಬೇಕು, ಅಷ್ಟೇ. ಇಷ್ಟು ವರ್ಷ ನಾನು ಕರಪತ್ರ ಕೊಟ್ಟವರಲ್ಲಿ ಎಷ್ಟು ಜನರ ಮುಖ ನೋಡಿದ್ದೇನೆ?

ಲೋಟಗಳು ಕೈಯಿಂದ ಕೈಗೆ ಹೋದವು. ಸಂತೋಷ ಒಂದು ಗುಟುಕು ಕುಡಿದು, ಚೀಲದಿಂದ ಬಾಟ್ಲಿ ತೆಗೆದ. "ಇದರಾಗ ಇಷ್ಟ ಹಾಕಿದ್ರ ಪೂರ್ಣ ಆಗ್ತೈತಿ ನೋಡು" ಎಂದು ಮುಚ್ಚಳಕ್ಕೆ ಕೈ ಹಾಕಿದ. ನಾನು ಲೋಟದ ಮೇಲೆ ಅಂಗೈ ಇಟ್ಟೆ.

"ಕೈ ತೆಗಿ, ಸುಜಿ. ಚಾಷ್ಟಿ ಸಾಕು."

"ತೆಗ್ಯಾಂಗಿಲ್ಲ."

"ವಿಜ್ಯಾ, ನಿಮ್ಮ ತಂಗೀಗೆ ಹೇಳು."

ದಾದಾ ಹಳದಿ ಬಳಿದುಕೊಂಡ ಮೈಯಲ್ಲಿ ಕುಳಿತಿದ್ದ. ನನ್ನನ್ನು ನೋಡಿದ, ಅವನನ್ನು ನೋಡಿದ. "ಸಂತ್ಯಾ, ಅದನ್ನ ಗಾಡ್ಯಾಗ ಇಡಲೇ. ಇವತ್ತೊಂದ ದಿನಾ" ಎಂದ.

"ನಾ ಬಂದದ್ದ ನಿನ್ನ ಸಲುವಾಗಿ, ನಿನ್ನ ತಂಗೀ ಶಾಳಿಗೆ ಅಲ್ಲ" ಎಂದ ಸಂತೋಷ. ಚೀಲ ಎತ್ತಿಕೊಂಡ. ಅವನ ಹಿಂದೆ ಇನ್ನೊಬ್ಬನೂ ಎದ್ದ. ಅಂಗಳದ ತುದಿಯವರೆಗೆ ದಾದಾ ಅವರ ಹಿಂದೆ ಹೋದ. ಅಲ್ಲಿಂದ ಮುಂದೆ ಅವನು ಹೋಗುವಂತಿರಲಿಲ್ಲ. ಬೈಕಿನ ಸದ್ದು ದೂರವಾಗುವವರೆಗೆ ಅಲ್ಲೇ ನಿಂತಿದ್ದ. ಷೆಡ್ಡಿನಲ್ಲಿ ಉಳಿದವರು ಮತ್ತೆ ಲೋಟ ಚಾಚಿದರು. ನಾನು ಕುಲುಕುತ್ತ ಹೋದೆ. ಅವತ್ತು ಇರ್ಫಾನ ಯಾರನ್ನೂ ಎತ್ತಿ ಗಾಡಿಯಲ್ಲಿ ಕೂಡಿಸಬೇಕಾಗಲಿಲ್ಲ.

ಮದುವೆಯ ಬೆಳಿಗ್ಗೆ ಕಲಶ ಹಿಡಿದು ದಾದಾನ ಹಿಂದೆ ನಿಂತೆ. ಅಕ್ಷತೆಯ ಹೊತ್ತಿಗೂ ಅವನ ಕಣ್ಣು ಮಂಟಪದ ಬಾಗಿಲ ಕಡೆ. ಸಂತೋಷ ಬರಲಿಲ್ಲ. ದಾದಾ ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಹೇಳಿದ್ದು ಸರಿ, ಮಾಡಿದ್ದು ಸರಿ. ಸರಿ ಮಾಡಿದ ಮೇಲೂ ಒಬ್ಬನ ಮದುವೆಯಲ್ಲಿ ಅವನ ಜೀವದ ಗೆಳೆಯ ಇಲ್ಲದ ಹಾಗಾಯಿತಲ್ಲ, ಇದಕ್ಕೆ ಯಾವ ಪುಸ್ತಿಕೆಯಲ್ಲಿ ಏನು ಬರೆದಿದೆ? ನೀನಿದ್ದರೆ ಕೇಳುತ್ತಿದ್ದೆ.

ಮೊನ್ನೆ ಸಂತೋಷ ಬಂದಿದ್ದ. ಅವನದೂ ಲಗ್ನ ಗೊತ್ತಾಗಿದೆ. ದಾದಾನ ಹತ್ತಿರ ಬಹಳ ಹೊತ್ತು ಕುಳಿತ, ಇಬ್ಬರೂ ಎತ್ತರದ ದನಿಯಲ್ಲಿ ಮಾತಾಡಿದರು, ಆಮೇಲೆ ನಕ್ಕರು. ಹೊರಡುವಾಗ ನನ್ನ ಹತ್ತಿರ ಬಂದ.

"ನನ್ನ ಹಳದಿಗೆ ಬಾ. ಕಾಫಿ ಮಾಡು."

"ಬಾಟ್ಲಿ?"

"ಇರ್ತಾವ. ನಮ್ಮ ಮಂದಿ ಕೇಳಾಂಗಿಲ್ಲ. ಮಗ್ಗಲಿಗೇ ನಿನಗೊಂದ ಟೇಬಲ್ ಹಾಕ್ತೀನಿ."

"ಬಾಟ್ಲಿ ಇದ್ದಲ್ಲಿ ನಾ ಬರಾಂಗಿಲ್ಲ."

"ಗೊತ್ತಿತ್ತು. ಇಲ್ಲಿ ಅಂಗಳ ನಿಂದು, ಅಣ್ಣ ನಿನ್ನವ, ಲೋಟದ ಮ್ಯಾಲೆ ಕೈ ಇಟ್ಟಿ, ಗೆದ್ದಿ. ಅಲ್ಲಿ ಎರಡೂ ಇರ್ತಾವ. ಮಂದಿ ಯಾವುದಕ್ಕ ಕೈ ಚಾಚ್ತಾರ ನೋಡೂನು. ಧೈರ್ಯ ಇದ್ರ ಬಾ."

ಆ ದಿನವೆಲ್ಲ ಸಿಟ್ಟಿನಲ್ಲಿದ್ದೆ. ಬಾಟ್ಲಿ ಇರುವ ಮನೆಯ ಹೊಸ್ತಿಲು ತುಳಿಯಬಾರದು ಎಂದು ನಾನೇ ಊರೂರು ಹೇಳಿದ್ದೇನೆ. ಆದರೆ ಕುಡಿಯುವವರು ಇಲ್ಲದ ಕಡೆ ನಿಂತು ಬೇಡ ಬೇಡ ಎಂದರೆ ಯಾರಿಗೆ ಕೇಳಿಸುತ್ತದೆ? ಇರ್ಫಾನನಿಗೆ ಸೋಡಾ ಹೇಳಿದೆ. ಅವನು ಬರುತ್ತಾನೆ, ಹೊತ್ತು ಮುಳುಗಿದ ಮೇಲೆ ನನಗೊಂದು ಮುಖ ಬೇಕಲ್ಲ. ಉಳಿದದ್ದು ಆಯಿಗೆ ಹೇಳುವುದು. ಇವತ್ತು ಹೇಳಿದೆ.

"ರಾಯಬಾಗಕ್ಕ ಹೊಂಟೀನಿ, ಸಂತೋಷನ ಹಳದಿಗೆ."

"ಅಲ್ಲಿ ಕುಡೀತಾರ."

"ಕುಡೀತಾರ. ಅದಕ್ಕ ಹೊಂಟೀನಿ."

ಆಯಿ ಬಹಳ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಎದ್ದು ಕೊಡದ ಬಾಯಿಗೆ ಬಟ್ಟೆ ಕಟ್ಟಿದಳು. "ಅಲ್ಲೀ ಬರ್ಫ ಹಾಕಬ್ಯಾಡ" ಎಂದಳು. "ಎಷ್ಟ ಮಂದಿ ಅದಾರ ಹೇಳು, ನಾನ ನೀರ ಸೋಸಿ ಕೊಡ್ತೀನಿ."