ಹೆಣ್ಣು ಸತ್ತಿಲ್ಲ

೭ ಏಪ್ರಿಲ್ ೧೯೯೪, ಸಿಂಧನೂರು

ಗಾಜಿನ ಟ್ಯಾಂಕಿನ ಮೀನು ಎಣಿಸಿದೆ. ಗಂಡು ಒಂದು, ಹೆಣ್ಣು ಆರು. ಮತ್ತೊಮ್ಮೆ ಎಣಿಸಿದೆ. ಆರೇ.

ಗಂಡಿನ ಮೈ ಹಸಿರು-ನೀಲಿ, ಮುಖದ ಮೇಲೆ ಗುಲಾಬಿ ಗೆರೆ. ಹೆಣ್ಣು ಹಳದಿ, ಬೆನ್ನಿನ ರೆಕ್ಕೆಯಲ್ಲಿ ಎರಡು ಕರಿಚುಕ್ಕೆ. ಈ ಗುರುತು ಅಕ್ಕಿ ಗಿರಣಿಯ ಗೋಪಣ್ಣ ಸಾಹುಕಾರ್ರೇ ತೋರಿಸಿಕೊಟ್ಟದ್ದು. ಮದ್ರಾಸಿನ ಸಮುದ್ರದ ಮೀನು. ಈ ಜಾತಿಗೆ ರಾಸ್ ಅನ್ನುತ್ತಾರಂತೆ. ನಾನು ರಾಶಿ ಅಂತ ಬರೆದಿದ್ದೆ, ನಕ್ಕುಬಿಟ್ಟರು. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇನ್ನೇನು ಬರುತ್ತದೆ.

ಸಾಹುಕಾರ್ರು, ಅಮ್ಮಾವ್ರು ಇಬ್ಬರೂ ನಾಳೆ ಗುಂಟೂರಿಗೆ. ತಮ್ಮನ ಮಗಳ ಮದುವೆ. ಬರುವುದು ತಿಂಗಳ ಮೇಲೆ.

"ನೀರು ಇಳಿದ್ರ ಡ್ರಮ್ಮಿನಾಗಿನ ಕಾಲುವಿ ನೀರೇ ಹಾಕು; ನೀರಷ್ಟ ಆರತೈತಿ, ಉಪ್ಪು ಅಲ್ಲೇ ಉಳೀತೈತಿ. ಬೋರಿಂದು ಒಂದು ಹನಿ ಬಿದ್ರ ನೀ ಈ ಮನ್ಯಾಗ ಇರಂಗಿಲ್ಲ. ತಿಳೀತೇನು?"

"ತಿಳೀತ್ರೀ."

೧೯ ಏಪ್ರಿಲ್

ಕಾಲುವೆ ಬಂದ್ ಆಗಿ ಎಂಟು ದಿನ. ಈ ಬಿಸಿಲಿಗೆ ಟ್ಯಾಂಕು ದಿನಕ್ಕೆ ಒಂದು ಬೆರಳು ಇಳಿಯುತ್ತಿದೆ. ಡ್ರಮ್ಮು ಖಾಲಿ. ಬೋರಿನದು ಸವಳು ನೀರು. ನಾಲಿಗೆಗೆ ಹಚ್ಚಿ ನೋಡಿದೆ. ಟ್ಯಾಂಕಿನದೂ ಉಪ್ಪು, ಇದೂ ಉಪ್ಪು... ಉಪ್ಪುನೀರಿನ ಮೀನಿಗೆ ಸವಳು ಏನು ಮಾಡೀತು? ಎರಡು ಕೊಡ ಹಾಕಿದೆ. ಹಾಕಿದ ಮೇಲೆ ಕೊಡ ಒರೆಸಿಟ್ಟೆ.

೨೩ ಏಪ್ರಿಲ್, ಬೆಳಿಗ್ಗೆ ೬

ಗಂಡು ಸತ್ತಿದೆ.

ಮಗ್ಗುಲಾಗಿ ತೇಲುತ್ತಿತ್ತು. ಕೆಲಸದ ಕರೆಮ್ಮ ಇನ್ನೂ ಬಂದಿರಲಿಲ್ಲ. ಕಾಗದದಲ್ಲಿ ಸುತ್ತಿ ಬೇವಿನ ಬುಡದಲ್ಲಿ ಹೂತೆ. ಯಾರೂ ನೋಡಿಲ್ಲ. ನೋಡಿಲ್ಲ ಅಂದುಕೊಂಡಿದ್ದೇನೆ.

ಸೈಕಲ್ ಹೊಡೆದು ಗೊರೇಬಾಳದ ಕೆರೆಯಿಂದ ಎರಡು ಕ್ಯಾನು ಸಿಹಿನೀರು ತಂದೆ. ಈ ಬುದ್ಧಿ ನಾಲ್ಕು ದಿನ ಮುಂಚೆ ಎಲ್ಲಿ ಹೋಗಿತ್ತು.

೨೬ ಏಪ್ರಿಲ್

ದೊಡ್ಡ ಹೆಣ್ಣು ಉಳಿದ ಐದನ್ನೂ ಅಟ್ಟಾಡಿಸುತ್ತಿದೆ. ಗಂಡು ಇದ್ದಾಗ ಕಲ್ಲಿನ ಸಂದಿ ಬಿಟ್ಟು ಬರದ ಹೆಣ್ಣು. ಕರೆಮ್ಮ ಕಸಬರಿಗೆ ಹಿಡಿದು ನಿಂತು ನೋಡಿದಳು.

"ಅತ್ತಿ ಸತ್ತ ಮ್ಯಾಲ ಹಿರೇಸೊಸಿ ಕೀಲಿಕೈ ಸಿಗಿಸಿಕೊಂಡಂಗ ಐತಲ್ಲೋ ಇದು! ಗಂಡು ಎಲ್ಲೈತಿ?"

"ಉಸುಕಿನ್ಯಾಗ ಮಲಗೇತಿ."

ಇವು ಉಸುಕಿನಲ್ಲಿ ಹುದುಗುವುದು ಅವಳಿಗೂ ಗೊತ್ತು. ನಂಬಿದಳು. 

೫ ಮೇ

ದೊಡ್ಡ ಹೆಣ್ಣಿನ ಒಂದು ಚುಕ್ಕೆ ಅಳಿಸಿಹೋಗಿದೆ. ಇನ್ನೊಂದು ಮಸುಕು. ಮೈ ಹಸಿರಾಗುತ್ತಿದೆ. ಸವಳು ಹತ್ತಿತೇ? ಇದೂ ಸಾಯುತ್ತದೆಯೇ? ಕಣ್ಣು ತೊಳೆದುಕೊಂಡು ಬಂದು ನೋಡಿದೆ. ಹಸಿರೇ.

೧೧ ಮೇ

ಮುಖದಲ್ಲಿ ಗುಲಾಬಿ ಗೆರೆ ಬಂದಿದೆ.

ಲಾರಿ ಡ್ರೈವರ್ ಮೌಲಾಸಾಬ್ ಬಂದಿದ್ದ. ಮದ್ರಾಸಿನಿಂದ ಮೀನು ತಂದವನು ಅವನೇ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಎಲ್ಲ ಹೇಳಿಬಿಟ್ಟೆ. ಬಿದ್ದು ಬಿದ್ದು ನಕ್ಕ.

"ಲೇ ಹುಚ್ಚಪ್ಯಾಲಿ, ಅಂಗಡಿಯಾಂವ ಹೇಳಿದ್ದ. ಗಂಡು ಸತ್ರ ದೊಡ್ಡ ಹೆಣ್ಣ ಗಂಡಾಗತೈತಿ, ಈ ಜಾತಿನೇ ಹಂಗಂತ. ನಾ ಚ್ಯಾಷ್ಟಿ ಅಂತ ತಿಳಕೊಂಡಿದ್ದೆ. ನಿನ್ನ ನಸೀಬು ಭಾರಿ ಐತಿ ಬಿಡು. ಸಾಹುಕಾರ್ರು ಬಂದು ನೋಡ್ತಾರ, ಗಂಡು ಐತಿ. ಖಲಾಸ್!"

ಲಾರಿ ಹೋದ ಮೇಲೆ ಎಣಿಸಿದೆ. ಗಂಡು ಒಂದು. ಹೆಣ್ಣು ಐದು.

ಐದು.

೧೬ ಮೇ

ಬಂದರು. ಸಾಹುಕಾರ್ರು ಚೀಲ ಇಳಿಸುವ ಮೊದಲೇ ಟ್ಯಾಂಕಿನ ಮುಂದೆ. ಗಾಜಿಗೆ ಬೆರಳಿಟ್ಟು ಎಣಿಸಿದರು.

"ಏಮಿರಾ ದ್ಯಾವಪ್ಪ, ಒಂದು ಹೆಣ್ಣು ಎಲ್ಲಿ?"

"ಉಸುಕಿನ್ಯಾಗ..."

ಉಸುಕು ಕೆದರಿಸಿದರು.

"ಸತ್ತೈತೇನು?"

"ಹೆಣ್ಣು ಸತ್ತಿಲ್ರೀ."

"ಹಂಗಾದ್ರ ಯಾರಿಗೆ ಕೊಟ್ಟಿ?"

ದೇವರ ಜಗುಲಿಯ ಮುಂದೆ ಕರ್ಪೂರ ಹಚ್ಚಿಸಿದರು. ಉರಿಯುವುದನ್ನು ಅಂಗೈಯಿಂದ ಆರಿಸಿ ಆಣೆ ಮಾಡಬೇಕು. ಸುಳ್ಳಾದರೆ ಮನೆತನ ಉಳಿಯುವುದಿಲ್ಲ. "ಹೆಣ್ಣು ಸತ್ತಿಲ್ಲ, ಹೆಣ್ಣನ್ನ ನಾ ಒಯ್ದಿಲ್ಲ" ಅಂದು ಆರಿಸಿದೆ. ಎರಡೂ ಖರೆ. ಅಕ್ಷರ ಅಕ್ಷರ ಖರೆ. ಅಂಗೈ ಸುಡಲೂ ಇಲ್ಲ. ಒಂದು ಗಳಿಗೆ ಖುಷಿಯಾಯಿತು—

ಸಾಹುಕಾರ್ರು ಅಡುಗೆಮನೆಯ ಕಡೆ ತಿರುಗಿದರು. "ಇನ್ನ ಉಳಿದಾಕಿ ಒಬ್ಬಾಕಿನ. ಕರೆಮ್ಮಾ!"

೧೭ ಮೇ

ಕರೆಮ್ಮ ಆರಿಸಲು ಒಪ್ಪಲಿಲ್ಲ.

"ಮಗಳು ಬಸುರಿ ಅದಾಳ್ರೀ. ಬಸುರಿ ಇದ್ದ ಮನ್ಯಾಗ ಖರೆ ಇದ್ರೂ ಆಣಿ ಮಾಡಬಾರದು. ನಿಮ್ಮ ಒಂದು ಮೀನಿನ ಸಲುವಾಗಿ ನಾ ಕರ್ಪೂರ ಮುಟ್ಟಂಗಿಲ್ಲ."

ಮುಟ್ಟದಿದ್ದರೆ ಕಳ್ಳಿ, ಅಂದರು ಸಾಹುಕಾರ್ರು. ನಾಳೆ ಓಣಿಯ ಹಿರಿಯರ ಮುಂದೆ ತೀರ್ಮಾನ.

ಹಿತ್ತಲಲ್ಲಿ ನನ್ನ ತಡೆದು ಕೇಳಿದಳು: "ದಿನಾ ಎಣಿಸಾಂವ ನೀನು. ನೀನರ ಹೇಳೋ ಯಪ್ಪಾ."

ಈ ಕೋಣೆ, ಹಾಸಿಗೆ, ಟ್ರಂಕು... ಇಲ್ಲಿಂದ ಹೊರಬಿದ್ದರೆ ಹುಟ್ಟೂರು ಮಸ್ಕಿಯಲ್ಲಿ ನನಗೆ ಯಾರಿದ್ದಾರೆ?

"ನನಗೇನೂ ತಿಳೀದವಾ" ಅಂದೆ.

೧೮ ಮೇ, ಬೆಳಿಗ್ಗೆ ೮

ಹಿರಿಯರು ಪಡಸಾಲೆಯಲ್ಲಿ ಕೂತಾಗಿದೆ. ನನ್ನ ಕಿಟಕಿಯಿಂದ ಎಲ್ಲ ಕಾಣುತ್ತದೆ. ಕರೆಮ್ಮನಿಗಿಂತ ಮೊದಲು ಮಗಳು ಬಂದಿದ್ದಾಳೆ, ಯಮನಮ್ಮ. ಏಳು ತಿಂಗಳು.

"ನಮ್ಮವ್ವನ ಹೆಸರು ಕೆಡಬಾರದ್ರೀ. ಆಕಿ ಬದಲಿ ನಾ ಆರಸ್ತೀನಿ."

ಹಿಂದೆಯೇ ಅವ್ವ ಓಡಿಬಂದು ಸೆರಗು ಹಿಡಿದು ಎಳೆಯುತ್ತಿದ್ದಾಳೆ. "ಬ್ಯಾಡಲೇ, ಬ್ಯಾಡ... ನಾನೇ ಕದ್ದೀನ್ರೀ! ನಾನೇ ಅನ್ರೀ!"

 ಕದ್ದಿದ್ದೇನೆ ಅಂದಳು. ಕದಿಯದೆ ಅಂದಳು. ಯಮನಮ್ಮ ಕೇಳುತ್ತಿಲ್ಲ. ಕೈ ಬಿಡಿಸಿಕೊಂಡಳು. ಕಡ್ಡಿ ಗೀರಿದ ಸದ್ದು.

ಬಾಗಿಲ ತನಕ ಹೋಗಿ ವಾಪಸ್ ಬಂದೆ. ಎರಡು ಸಲ. ಸತ್ತದ್ದು ಗಂಡು, ಕೊಂದವನು ನಾನು. ಇಷ್ಟೇ ಮಾತು. ಪೆನ್ನು ಇಟ್ಟು ಏಳಬೇಕು. ಏಳುತ್ತೇನೆ. ಅವಳು ಅಂಗೈ ಚಾಚಿ—